ಬರಲಿರುವ ಲೆನ್ಸಿನ ತೂಕ

ಇಬ್ಬರು ಫೋಟೋಗ್ರಾಫರುಗಳು ಸೇರಿದರೆ ಮಾತು ಕೈಯಲ್ಲಿರುವ ಕ್ಯಾಮೆರಾದ ಬಗ್ಗೆ ಇರುವುದಿಲ್ಲ, ಇನ್ನೂ ಬಾರದ ಲೆನ್ಸಿನ ಬಗ್ಗೆ ಇರುತ್ತದೆ. ಮದುವೆ ಹಾಲಿನಲ್ಲಿ ಊಟದ ಸರದಿಗೆ ಕಾಯುವಾಗಲೂ ಅಷ್ಟೇ. 'ಎಪ್ಪತ್ತು-ಇನ್ನೂರು ಎಫ್ 2 ಬರುತ್ತದಂತೆ' ಎಂದು ಒಬ್ಬರು ಹೇಳುತ್ತಾರೆ. 'ಅದಲ್ಲ, ಮೂವತ್ತೈದು ಎಫ್ 1.0' ಎಂದು ಇನ್ನೊಬ್ಬರು. ರೈತರು ಮಳೆಯ ಬಗ್ಗೆ ಮಾತಾಡಿದ ಹಾಗೆ. ಆದರೆ ಮಳೆಗೆ ದುಡ್ಡು ಕೊಡಬೇಕಾಗಿಲ್ಲ. ಈ ಲೆನ್ಸುಗಳ ಬೆಲೆಯೋ ಲಕ್ಷಗಳಲ್ಲಿ.

ನಾನೂ ಈ ಮಾತಿಗೆ ಕೂರುವವನೇ. ಕರಾವಳಿಯ ಮದುವೆಗಳ ಫೋಟೋ ತೆಗೆದೇ ಮನೆ ನಡೆಸುವವನಿಗೆ ಇದು ಬರೀ ಹರಟೆಯಲ್ಲ. ಎಂಥ ಲೆನ್ಸ್ ಬರುತ್ತದೆ ಎಂಬುದರ ಮೇಲೆ ನಾಳೆ ಈ ಕಸುಬನ್ನು ಯಾರು ಮಾಡಬಲ್ಲರು ಎಂಬುದೂ ನಿಂತಿದೆ.

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಒಂದು ಕನ್ನಡಿಯಿತ್ತು. ಬಟನ್ ಒತ್ತಿದಾಗ ಅದು 'ಟಕ್' ಎಂದು ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತಿತ್ತು. ಅದು ಏಳಲು ಜಾಗ ಬೇಕಲ್ಲ? ಅದಕ್ಕಾಗಿ ನಿಕಾನ್‌ನ ಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಬಳೆಗೂ ಸೆನ್ಸರಿಗೂ ನಡುವೆ 46.5 ಮಿಲಿಮೀಟರ್ ಅಂತರ ಬಿಟ್ಟಿದ್ದರು. 2018ರಲ್ಲಿ ಕನ್ನಡಿಯಿಲ್ಲದ ಝಡ್ ಕ್ಯಾಮೆರಾ ಬಂದಾಗ ಆ ಅಂತರ 16 ಮಿಲಿಮೀಟರಿಗೆ ಇಳಿಯಿತು. ಅದೇ ವರ್ಷ ಬಂದ ಕ್ಯಾನನ್‌ನ ಆರ್‌ಎಫ್ ಮೌಂಟಿನಲ್ಲಿ 44 ಇದ್ದದ್ದು 20 ಆಯಿತು. ದೊಡ್ಡ ಗಾಜನ್ನು ಸೆನ್ಸರಿನ ಹತ್ತಿರಕ್ಕೆ ತರಬಹುದೆಂದಾದಾಗ ಲೆನ್ಸ್ ಮಾಡುವವರ ಕೈ ಬಿಚ್ಚಿದಂತಾಯಿತು. ನಿಖಾಹ್ ನಡೆಯುವ ಹೊತ್ತಿಗೆ ಆ 'ಟಕ್' ಸದ್ದು ಇಲ್ಲದಿರುವುದು ನಮಗೆ ಸಿಕ್ಕ ಇನ್ನೊಂದು ಲಾಭ.

ಕೈ ಬಿಚ್ಚಿದವರು ಮೊದಲು ತಮ್ಮ ಬಲ ತೋರಿಸಿದರು. 2019ರಲ್ಲಿ ನಿಕಾನ್ 58 ಮಿಲಿಮೀಟರ್ ಎಫ್ 0.95 ಲೆನ್ಸನ್ನು ತಂದಿತು. ಎಫ್ ಸಂಖ್ಯೆ ಕಡಿಮೆಯಾದಷ್ಟೂ ಒಳಬರುವ ಬೆಳಕು ಹೆಚ್ಚು. ಆದರೆ ಆ ಲೆನ್ಸಿನ ತೂಕ ಎರಡು ಕಿಲೋ, ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಹತ್ತಿರದಿಂದ ಮುಖದ ಫೋಟೋ ತೆಗೆದರೆ ಕಣ್ಣು ಸ್ಪಷ್ಟವಾಗಿರುತ್ತದೆ, ಕಿವಿ ಮಸುಕಾಗಿರುತ್ತದೆ. ನೋಡಲು ಚೆಂದವೇ. ಆದರೆ ನಮ್ಮ ಮದುವೆಯ ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿನ ಮಾವ ಮಸುಕಾದರೆ ಏನಾಗುತ್ತದೆ ಎಂದು ಮದುವೆ ಮಾಡಿದವರಿಗೆಲ್ಲ ಗೊತ್ತು!

ಇನ್ನು ಎಲ್ಲರೂ ಕಾಯುವ ಆ ಎಪ್ಪತ್ತು-ಇನ್ನೂರು ಎಫ್ 2. ಇದಕ್ಕೆ ಭವಿಷ್ಯ ಹೇಳುವವರು ಬೇಕಾಗಿಲ್ಲ, ಭಾಗಾಕಾರ ಸಾಕು. 200ನ್ನು 2ರಿಂದ ಭಾಗಿಸಿದರೆ 100. ಅಂದರೆ ಮುಂದಿನ ಗಾಜು ಕಡಿಮೆಯೆಂದರೂ 100 ಮಿಲಿಮೀಟರ್, ನಾಲ್ಕು ಇಂಚು ಅಗಲ ಇರಲೇಬೇಕು. ಕನ್ನಡಿ ತೆಗೆದರೂ ಈ ಲೆಕ್ಕ ತಪ್ಪದು. ಸೋನಿಯವರು 2025ರಲ್ಲಿ 50-150 ಎಫ್ 2 ತಂದದ್ದು ಇದೇ ಲೆಕ್ಕದ ಜಾಣತನ. ಅಲ್ಲಿ ಭಾಗಿಸಿದರೆ 75 ಸಾಕು, ತೂಕ 1,340 ಗ್ರಾಂ. ಎಪ್ಪತ್ತು-ಇನ್ನೂರು ಎಫ್ 2 ಯಾರಾದರೂ ಮಾಡಿಯಾರು. ಆದರೆ ದಿನವಿಡೀ ಹೊರುವವರು ಯಾರು?

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಬೇರೊಂದು ಸಂಗತಿ. 2018ರಲ್ಲಿ ಕ್ಯಾನನ್ 28-70 ಎಫ್ 2 ಲೆನ್ಸ್ ತಂದಾಗ ಅದರ ತೂಕ 1,430 ಗ್ರಾಂ ಇತ್ತು. 2024ರಲ್ಲಿ ಸೋನಿ ಅದೇ ಅಳತೆಯ ಲೆನ್ಸನ್ನು 918 ಗ್ರಾಂನಲ್ಲಿ ಮಾಡಿತು. ಆರು ವರ್ಷಗಳಲ್ಲಿ ಅರ್ಧ ಕಿಲೋ ಇಳಿಯಿತು, ಬೆಳಕು ಒಂದಿಷ್ಟೂ ಕಡಿಮೆಯಾಗಲಿಲ್ಲ. ಮುಂದಿನ ದಾರಿ ಇದೇ ಎಂದು ನನ್ನ ಅಂದಾಜು. ಸೆನ್ಸರುಗಳು, ನಾಯ್ಸ್ ಕಳೆಯುವ ತಂತ್ರಾಂಶಗಳು ಮಂದ ಬೆಳಕಿನಲ್ಲೂ ಕೆಲಸ ಸಾಗಿಸುತ್ತಿವೆ. ಅಂಚಿನ ಗೆರೆ ಬಾಗಿದರೆ ಕ್ಯಾಮೆರಾವೇ ನೆಟ್ಟಗೆ ಮಾಡುತ್ತದೆ. ಆದ್ದರಿಂದ ಎಫ್ ಸಂಖ್ಯೆಯ ಪೈಪೋಟಿ ನಿಧಾನವಾಗಿ, ತೂಕ ಇಳಿಸುವ ಪೈಪೋಟಿ ಜೋರಾದೀತು.

ತೂಕ ಇಳಿಸಲು ನೆರವಾಗುವ ಒಂದು ಉಪಾಯ ಗೋಳಾಕಾರವಲ್ಲದ ಗಾಜು. ಗೋಳದ ತುಂಡಿನಂತಿರುವ ಗಾಜು ಬೆಳಕನ್ನು ಸರಿಯಾಗಿ ಒಂದೇ ಬಿಂದುವಿಗೆ ತರುವುದಿಲ್ಲ. ಆ ದೋಷ ತಿದ್ದಲು ಇನ್ನಷ್ಟು ಗಾಜು ಸೇರಿಸಬೇಕಾಗುತ್ತದೆ. ಬೇರೆ ಆಕಾರದ ಒಂದೇ ಗಾಜು ಆ ಕೆಲಸ ಮಾಡಬಲ್ಲದು. ಇದು ಜಪಾನಿನ ಕಂಪೆನಿಗಳಿಗೆ ಮೊದಲು ಹೊಳೆದದ್ದಲ್ಲ. ಕ್ರಿ.ಶ. 984ರ ಸುಮಾರಿಗೆ ಬಗ್ದಾದಿನ ಗಣಿತಜ್ಞ ಇಬ್ನ್ ಸಹ್ಲ್, ಅತಿಪರವಲಯದ ಆಕಾರದ ಗಾಜು ಬೆಳಕನ್ನು ಒಂದೇ ಬಿಂದುವಿಗೆ ತರುತ್ತದೆಂದು ಲೆಕ್ಕ ಹಾಕಿ ಬರೆದಿಟ್ಟಿದ್ದರು. ಲೆಕ್ಕ ಸಿದ್ಧವಿತ್ತು, ಅಂಥ ಗಾಜನ್ನು ಸಾವಿರಗಟ್ಟಲೆ ತಯಾರಿಸುವ ಯಂತ್ರಕ್ಕೆ ಸಾವಿರ ವರ್ಷ ಕಾಯಬೇಕಾಯಿತು.

ಮುಂದೆ ಗಾಜಿನ ದಪ್ಪವೇ ಬೇಡವಾಗುವ ದಿನವೂ ಬರಬಹುದೇ? 2016ರಲ್ಲಿ ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ಅವರ ತಂಡ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೆಲಸ ಮಾಡುವ ಮೆಟಾಲೆನ್ಸ್ ಮಾಡಿ ತೋರಿಸಿತು. ಚಪ್ಪಟೆ ತಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಂಬಗಳನ್ನು ನಿಲ್ಲಿಸಿ ಬೆಳಕನ್ನು ಬಾಗಿಸುವ ವಿದ್ಯೆ ಅದು. ಒಂದು ಬಣ್ಣದ ಬೆಳಕಿಗೆ ಸುಲಭ, ಎಲ್ಲ ಬಣ್ಣಗಳನ್ನೂ ಒಟ್ಟಿಗೆ, ದೊಡ್ಡ ಸೆನ್ಸರಿನ ತುಂಬ ಹಿಡಿಯುವುದು ಕಷ್ಟ. ಮದುವೆಯ ಸೀರೆಗಳ ಬಣ್ಣ ಅದರಲ್ಲಿ ಸರಿಯಾಗಿ ಬರುವುದನ್ನು ನೋಡಲು ನಾನಿರುತ್ತೇನೋ ಇಲ್ಲವೋ.

ತೂಕದ ಮಾತನ್ನೇ ಏಕೆ ಇಷ್ಟು ಎಳೆಯುತ್ತಿದ್ದೇನೆ? ನಮ್ಮ ಮದುವೆಗಳಲ್ಲಿ ಹೆಂಗಸರ ಕಡೆ ಫೋಟೋ ತೆಗೆಯಲು ಹೆಣ್ಣುಮಕ್ಕಳೇ ಬೇಕೆಂದು ಕೇಳುವ ಮನೆಗಳು ಹಲವು. ಕಲಿತು ಬಂದ ಹುಡುಗಿಯರೂ ಇದ್ದಾರೆ. ಸ್ವಂತ ದುಡಿಮೆಯ, ಮರ್ಯಾದೆಯ ಕೆಲಸ. ಆದರೆ ಬೆಳಗ್ಗಿನಿಂದ ರಾತ್ರಿಯವರೆಗೆ ಕ್ಯಾಮೆರಾ, ಫ್ಲ್ಯಾಶ್, ದೊಡ್ಡ ಲೆನ್ಸ್ ಸೇರಿ ಎರಡು ಕಿಲೋ ದಾಟಿದ ಭಾರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಒಮ್ಮೆ ಹೇಳಿದಳು: 'ಕಾಕಾ, ಲೆನ್ಸ್ ಎಷ್ಟು ಒಳ್ಳೆಯದು ಅಂತ ಎಲ್ಲರೂ ಹೇಳ್ತಾರೆ, ಎಷ್ಟು ಭಾರ ಅಂತ ಯಾರೂ ಹೇಳೋದಿಲ್ಲ.' ಅವಳ ಮಣಿಕಟ್ಟಿಗೆ ಬ್ಯಾಂಡೇಜ್ ಇತ್ತು. ಇಳಿದ ಅರ್ಧ ಕಿಲೋ ಅವಳಿಗೆ ಇನ್ನೂ ಹತ್ತು ವರ್ಷ ದುಡಿಯುವ ಶಕ್ತಿ ಕೊಟ್ಟೀತು.

ಇನ್ನೊಂದು ಬಯಕೆಯೂ ಇದೆ. ಎಷ್ಟೋ ಹೊಸ ಲೆನ್ಸುಗಳಲ್ಲಿ ಫೋಕಸ್ ಬಳೆ ತಿರುಗಿಸಿದರೆ ಗಾಜು ನೇರವಾಗಿ ಚಲಿಸುವುದಿಲ್ಲ, ಒಳಗಿನ ಮೋಟಾರು ಚಲಿಸಬೇಕು. ಮೋಟಾರು ಸತ್ತರೆ ಲೆನ್ಸೂ ಸತ್ತಂತೆ. ನನ್ನ ಯಜಮಾನರು ಕೊಟ್ಟ ಹಳೆಯ 50 ಮಿಲಿಮೀಟರ್ ಲೆನ್ಸಿನಲ್ಲಿ ಮೋಟಾರೇ ಇಲ್ಲ. ಒಂದು ಅಡಾಪ್ಟರ್ ಹಾಕಿದರೆ ಅದು ಇಂದಿನ ಮಿರರ್‌ಲೆಸ್ ಕ್ಯಾಮೆರಾದಲ್ಲೂ ಕೂರುತ್ತದೆ. ಅಂತರ ಕಡಿಮೆಯಾದ್ದರಿಂದ ಅಡಾಪ್ಟರಿಗೆ ಜಾಗವಿದೆ. ಹೊಸ ಲೆನ್ಸನ್ನು ಹೀಗೆ ಹಳೆಯ ಕ್ಯಾಮೆರಾಕ್ಕೆ ಕೂರಿಸಲಾಗದು. ಲಕ್ಷಗಟ್ಟಲೆ ಬೆಲೆ ಕಟ್ಟುವವರು ಇಪ್ಪತ್ತು ವರ್ಷ ಬಿಡಿಭಾಗ ಕೊಡುವ ಮಾತನ್ನೂ ಆ ಬೆಲೆಯಲ್ಲೇ ಸೇರಿಸಬಾರದೇ?

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದಿಷ್ಟೇ. ಬರಲಿರುವ ಲೆನ್ಸಿಗಾಗಿ ಇಂದೇ ಕಂತು ಕಟ್ಟಲು ಹೊರಡಬೇಡಿ. ದುಬಾರಿ ಲೆನ್ಸ್ ಬೇಕಾದ ದಿನ ಬಾಡಿಗೆಗೆ ತನ್ನಿ, ಒಂದು ಮದುವೆ ಪೂರ್ತಿ ಹೊತ್ತು ನೋಡಿ. ಸಂಜೆ ಚಿತ್ರಗಳನ್ನು ನೋಡುವ ಮೊದಲು ನಿಮ್ಮ ಭುಜವನ್ನೊಮ್ಮೆ ಕೇಳಿ.