ಹಳೆಯ ವಿಮಾನಗಳನ್ನು ಏಕೆ ಉಳಿಸಬೇಕು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಯಾವ ಶಾಲೆಗೆ ಹೋದರೂ ಒಂದು ಮಾತು ನಿಜ. ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಮಕ್ಕಳೊಂದಿಗೆ ನಾನೂ ಹೊರಗೆ ಬಂದು ತಲೆಯೆತ್ತಿ ನೋಡುತ್ತೇನೆ. ಆದರೆ ನನಗೆ ಹಾರುವ ವಿಮಾನಕ್ಕಿಂತ ಹಾರಾಟ ಮುಗಿಸಿ ನಿಂತ ಹಳೆಯ ಯುದ್ಧವಿಮಾನಗಳ ಮೇಲೆ ಪ್ರೀತಿ ಹೆಚ್ಚು. ಹಾರುವ ವಿಮಾನ ಅರೆಗಳಿಗೆಯಲ್ಲಿ ಮಾಯವಾಗುತ್ತದೆ. ನಿಂತ ವಿಮಾನದ ಸುತ್ತ ನಿಧಾನವಾಗಿ ನಡೆದು, ಅದರ ಒಂದೊಂದು ರಿವೆಟನ್ನೂ ನೋಡಬಹುದು.

ಶಾಲಾ ಪ್ರವಾಸದಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದವರು ಅಂಗಳದಲ್ಲಿ ನಿಂತ ಜೆಟ್ ವಿಮಾನವನ್ನು ನೋಡಿರಬಹುದು. ಅದೇ ಎಚ್.ಎಫ್.-24 'ಮಾರುತ'. ಭಾರತದಲ್ಲಿ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ.

ಕಣಜದ ಸೊಂಟ

ನಮ್ಮ ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಮರುವರ್ಷವೇ, ಮೈಸೂರು ಸಂಸ್ಥಾನದ ನೆರವಿನೊಂದಿಗೆ ಉದ್ಯಮಿ ವಾಲಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್‌ಎಎಲ್. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಇಲ್ಲಿಗೆ ಬಂದು, ಭಾರತೀಯ ಎಂಜಿನಿಯರುಗಳೊಂದಿಗೆ ಮಾರುತದ ಕೆಲಸ ಕೈಗೊಂಡರು. ಮೊದಲು ಅದೇ ಆಕಾರದ, ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿ, ಮತ್ತೊಂದು ವಿಮಾನದಿಂದ ಎಳೆಸಿ ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಮಾರುತವನ್ನು ಮೊದಲ ಬಾರಿಗೆ ಹಾರಿಸಿದರು. 1970ರಲ್ಲಿ ಮಾರುತದ ಪರೀಕ್ಷಾ ಹಾರಾಟದಲ್ಲೇ ಅವರು ತೀರಿಕೊಂಡರು. ಬೆಂಗಳೂರಿನ ಒಂದು ರಸ್ತೆಗೆ ಅವರ ಹೆಸರಿದೆ.

ಮಾರುತದ ಪಕ್ಕದಲ್ಲಿ ನಿಂತು ಅದರ ನಡುಭಾಗ ನೋಡಿ. ಕಣಜದ ಸೊಂಟದಂತೆ ತುಸು ಸಣ್ಣಗಿದೆ. ವೇಗ ಶಬ್ದದ ವೇಗವನ್ನು ಸಮೀಪಿಸಿದಾಗ ಗಾಳಿಯ ತಡೆ ಏಕಾಏಕಿ ಏರುತ್ತದೆ. ರೆಕ್ಕೆ ಇರುವ ಕಡೆ ಒಡಲನ್ನು ಸಣ್ಣದಾಗಿಸಿದರೆ ಆ ತಡೆ ಕಡಿಮೆಯಾಗುತ್ತದೆ. ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ವಿಮಾನ ಇದು. ಆದರೆ ಅದಕ್ಕೆ ತಕ್ಕ ಶಕ್ತಿಶಾಲಿ ಎಂಜಿನ್ ಕೊನೆಗೂ ಸಿಗಲಿಲ್ಲ. ಆದ್ದರಿಂದ ಆ ವೇಗ ಕನಸಾಗಿಯೇ ಉಳಿಯಿತು. ಹಾಗಿದ್ದರೂ 1971ರ ಯುದ್ಧದಲ್ಲಿ ಮಾರುತ ಚೆನ್ನಾಗಿಯೇ ಕೆಲಸ ಮಾಡಿತು. ತಯಾರಾದದ್ದು ಒಟ್ಟು 147. ಇಂದು ಉಳಿದಿರುವವು ಕೆಲವೇ ಕೆಲವು.

ಒಂದು ದೇಶ ಏನು ಸಾಧಿಸಿತು, ಎಲ್ಲಿ ತಡೆದು ನಿಂತಿತು ಎಂಬ ಎರಡೂ ಪಾಠಗಳು ಈ ಒಂದೇ ಲೋಹದ ಒಡಲಿನಲ್ಲಿವೆ.

ಗುಜರಿಯಿಂದ ಎದ್ದ ರೆಕ್ಕೆಗಳು

ಇನ್ನೊಂದು ಕಥೆ ಕೇಳಿ. ಎರಡನೇ ಮಹಾಯುದ್ಧ ಮುಗಿದಾಗ 'ಲಿಬರೇಟರ್' ಎಂಬ ನಾಲ್ಕು ಎಂಜಿನ್‌ಗಳ ದೊಡ್ಡ ಬಾಂಬರ್ ವಿಮಾನಗಳನ್ನು ಕಾನ್ಪುರದಲ್ಲಿ ಬಿಟ್ಟುಹೋದರು. ಬೇರೆ ಯಾರೂ ಬಳಸದಿರಲಿ ಎಂದು ಬೇಕೆಂದೇ ಅವುಗಳನ್ನು ಕೆಡಿಸಿದ್ದರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ವಾಯುಪಡೆಗೆ ಬಾಂಬರ್‌ಗಳು ಬೇಕಾಗಿದ್ದವು. ಎಚ್‌ಎಎಲ್‌ನ ಕೆಲಸಗಾರರು ಆ ಗುಜರಿಯ ರಾಶಿಯಲ್ಲಿ ಭಾಗಗಳನ್ನು ಹುಡುಕಿ, ಒಂದರದ್ದು ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟು ರಿಪೇರಿ ಮಾಡಿದರು. ಎಚ್‌ಎಎಲ್ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ತಂದರು. ಇಲ್ಲಿ ಸಂಪೂರ್ಣ ದುರಸ್ತಿಯಾದ ಸುಮಾರು 40 ವಿಮಾನಗಳು ವಾಯುಪಡೆ ಸೇರಿ, 1968ರವರೆಗೂ ಸೇವೆ ಸಲ್ಲಿಸಿದವು.

ಜಗತ್ತಿನಲ್ಲಿ ತಯಾರಾದ ಲಿಬರೇಟರ್‌ಗಳು 18,000ಕ್ಕೂ ಹೆಚ್ಚು. ಈಗ ಉಳಿದಿರುವವನ್ನು ಬೆರಳಲ್ಲಿ ಎಣಿಸಬಹುದು. ಬ್ರಿಟನ್, ಕೆನಡಾ, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿರುವ ಕೆಲವು ನಮ್ಮ ವಾಯುಪಡೆಯಿಂದಲೇ ಹೋದವು. ಅಮೆರಿಕದಲ್ಲಿ ಅಂಥದ್ದೊಂದನ್ನು ಮತ್ತೆ ಸಜ್ಜುಗೊಳಿಸಿ 1989ರಲ್ಲಿ ಹಾರಿಸಿದರು. ತಯಾರಿಸಿದ ದೇಶವೇ ಕರಗಿಸಿಬಿಟ್ಟ ವಿಮಾನವನ್ನು ಉಳಿಸಿಕೊಟ್ಟದ್ದು ಬೆಂಗಳೂರಿನ ಸ್ಪ್ಯಾನರು, ಸುತ್ತಿಗೆಗಳು!

ತುಕ್ಕು ಹಿಡಿಯದ ಲೋಹಕ್ಕೂ ರೋಗ

"ವಿಮಾನ ಅಲ್ಯೂಮಿನಿಯಂನದು, ತುಕ್ಕು ಹಿಡಿಯುವುದಿಲ್ಲವಲ್ಲ?" ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಗಾಳಿ ತಾಗಿದೊಡನೆ ಅಲ್ಯೂಮಿನಿಯಂ ಮೇಲೆ ತೆಳುವಾದ ಆಕ್ಸೈಡ್ ಪದರ ಮೂಡಿ ಅದನ್ನು ಕಾಯುತ್ತದೆ. ಆದರೆ ಶುದ್ಧ ಅಲ್ಯೂಮಿನಿಯಂ ಮೆದು. ಬಲ ಬರಲೆಂದು ವಿಮಾನದ ಲೋಹಕ್ಕೆ ತಾಮ್ರ ಬೆರೆಸುತ್ತಾರೆ. ಆಗ ಬಲ ಹೆಚ್ಚುತ್ತದೆ, ಸವೆತ ತಡೆಯುವ ಗುಣ ತಗ್ಗುತ್ತದೆ. ಉಕ್ಕಿನ ಬೋಲ್ಟ್ ತಾಗಿದ ಕಡೆ ಮಳೆನೀರು ನಿಂತರಂತೂ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಆಗುತ್ತದೆ. ಅಲ್ಯೂಮಿನಿಯಂ ನಿಧಾನವಾಗಿ ಕರಗಿ ಬಿಳಿ ಪುಡಿಯಾಗುತ್ತದೆ. ಇತ್ತ ಬಿಸಿಲಿಗೆ ಟೈರು ಬಿರಿಯುತ್ತದೆ, ಪೈಲಟ್ ಕೂರುವ ಗೂಡಿನ ಪಾರದರ್ಶಕ ಮುಚ್ಚಳ ಮಬ್ಬಾಗುತ್ತದೆ, ಸಂದುಗಳಲ್ಲಿ ಹಕ್ಕಿ ಗೂಡು ಕಟ್ಟುತ್ತದೆ.

ಆದ್ದರಿಂದ ಸುಮ್ಮನೆ ಬಣ್ಣ ಬಳಿದು ನಿಲ್ಲಿಸಿದರೆ ಸಂರಕ್ಷಣೆಯಾಗುವುದಿಲ್ಲ. ಮೇಲೆ ಸೂರು ಬೇಕು. ನೀರು ಹರಿದುಹೋಗಲು ದಾರಿ ಬೇಕು. ಟೈರಿನ ಮೇಲೆ ಭಾರ ಬೀಳದಂತೆ ಆಸರೆ ಬೇಕು. ಯಾವ ಭಾಗ ಮೂಲದ್ದು, ಯಾವುದು ಹೊಸದು ಎಂಬ ದಾಖಲೆಯೂ ಬೇಕು.

ಬಾಂಬು ಹಾಕುವ ವಿಮಾನ ನಮಗೇಕೆ?

"ಸಾ, ಬಾಂಬ್ ಹಾಕೋ ಇಮಾನನ ಯಾಕ್ ಮಡಗವ್ರೆ?" ಎಂದು ಪ್ರವಾಸದಲ್ಲಿ ಒಬ್ಬ ಹುಡುಗಿ ಕೇಳಿದಳು. ನಾನು ಶ್ರೀರಂಗಪಟ್ಟಣದ ಉದಾಹರಣೆ ಕೊಟ್ಟೆ. 2017ರಲ್ಲಿ ರೈಲು ಜೋಡಿಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಒಡೆಯಲಿಲ್ಲ. ಇಡೀ ಕಟ್ಟಡವನ್ನೇ ಜಾಕ್‌ಗಳ ಮೇಲೆತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಅಲ್ಲಿ ಈಗ ಮದ್ದುಗುಂಡು ಇಲ್ಲ. ಉಳಿದಿರುವುದು ಕಟ್ಟಿದವರ ಜಾಣ್ಮೆ, ಆ ಕಾಲದ ನೆನಪು. ಯುದ್ಧವನ್ನು ಮೆಚ್ಚಬೇಕೆಂದು ಯಾರೂ ಯುದ್ಧವಿಮಾನ ಉಳಿಸುವುದಿಲ್ಲ. ಅದನ್ನು ಮಾಡಿದ ಕೈಗಳ ವಿದ್ಯೆ ಪುಸ್ತಕದಲ್ಲಿ ಪೂರ್ತಿ ಸಿಗುವುದಿಲ್ಲ. ವಸ್ತು ಗುಜರಿಗೆ ಹೋದರೆ ವಿದ್ಯೆಯೂ ಅದರೊಂದಿಗೇ ಹೋಗುತ್ತದೆ.

ನಮ್ಮೂರಿನಲ್ಲೂ ಇದೇ ನಡೆಯುತ್ತಿದೆ. ಎತ್ತು ತಿರುಗಿಸುತ್ತಿದ್ದ ಕಬ್ಬಿನ ಗಾಣ, ಕಪಿಲೆಯ ರಾಟೆ, ನಾಗಮಂಗಲದ ಕಂಚು ಹಿತ್ತಾಳೆಯ ಹಳೆಯ ಪಾತ್ರೆಗಳು ಕೆ.ಜಿ. ಲೆಕ್ಕದಲ್ಲಿ ಮಾರಾಟವಾಗುತ್ತಿವೆ. ಶಾಲೆಯ ಒಂದು ಮೂಲೆಯಲ್ಲಿ ಇಂಥ ಒಂದೆರಡನ್ನಾದರೂ ಇಡಿ. ಬಳಸುತ್ತಿದ್ದ ಅಜ್ಜನನ್ನೋ ಅಜ್ಜಿಯನ್ನೋ ಕರೆಸಿ, ಅದು ಹೇಗೆ ಕೆಲಸ ಮಾಡುತ್ತಿತ್ತೆಂದು ಕೇಳಿ ಬರೆದಿಡಿ. ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು.

ಮಾಡಿ ನೋಡಿ

ಮೂರು ಗಾಜಿನ ಲೋಟಗಳಲ್ಲಿ ಉಪ್ಪುನೀರು ತುಂಬಿ. ಒಂದೇ ಬಗೆಯ ಮೂರು ಹೊಸ ಕಬ್ಬಿಣದ ಮೊಳೆ ತೆಗೆದುಕೊಳ್ಳಿ. ಮೊದಲನೆಯದನ್ನು ಹಾಗೆಯೇ ಹಾಕಿ. ಎರಡನೆಯದಕ್ಕೆ ಉಜ್ಜಿ ಶುಚಿ ಮಾಡಿದ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ ಹಾಕಿ. ಮೂರನೆಯದಕ್ಕೆ ಪೂರ್ತಿಯಾಗಿ ಬಣ್ಣ ಬಳಿದು, ಒಣಗಿಸಿ ಹಾಕಿ. ಐದು ದಿನ ಪ್ರತಿದಿನ ನೋಡಿ ಬರೆದುಕೊಳ್ಳಿ. ಯಾವ ಮೊಳೆಗೆ ಬೇಗ ತುಕ್ಕು ಹಿಡಿಯಿತು? ಯಾವುದು ಉಳಿಯಿತು? ಏಕೆ? ತರಗತಿಯಲ್ಲಿ ಚರ್ಚಿಸಿ.