ಹೋದ ದಾರಿಯಲ್ಲೇ ಮರಳುವ ಮಾತು

ಮತ್ತಾಯನ ಸುವಾರ್ತೆಯ ಏಳನೆಯ ಅಧ್ಯಾಯದ ಆರನೆಯ ವಚನವನ್ನು ಗ್ರೀಕಿನಲ್ಲಿ ಓದುವಾಗಲೆಲ್ಲ ನನಗೆ ಹೊಸದಾಗಿ ಖುಷಿಯಾಗುತ್ತದೆ. ಪವಿತ್ರ ವಸ್ತು ನಾಯಿಗಲ್ಲ, ಮುತ್ತು ಹಂದಿಗಲ್ಲ ಎಂದಾದ ಮೇಲೆ ತುಳಿಯುವ ಮಾತು ಬರುತ್ತದೆ. ಅದರ ಬೆನ್ನಿಗೇ ತಿರುಗಿಬಿದ್ದು ಸೀಳುವ ಮಾತು. ಎರಡೂ ಕೆಲಸವನ್ನು ಹಂದಿಯ ತಲೆಗೇ ಕಟ್ಟುವ ವ್ಯಾಖ್ಯಾನಕಾರರಿದ್ದಾರೆ. ಹುಬ್ಬಳ್ಳಿಯ ಓಣಿಗಳಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಾಲಡಿ ತುಳಿದು ಹೋಗುವುದು ಹಂದಿ, ಹಿಂದಿರುಗಿ ಮೈಮೇಲೆ ಬರುವುದು ನಾಯಿ. ನಾಯಿ, ಹಂದಿ; ಹಂದಿ, ನಾಯಿ. ಹೀಗೆ ಹೋದ ಕ್ರಮವನ್ನು ತಿರುವಿಕೊಂಡು ಮರಳುವ ಅಡ್ಡಹೆಣಿಗೆಯೇ ಕಯಾಸ್ಮಸ್; ಅದು ಕಿವಿಗೆ ಬಿದ್ದ ಕೂಡಲೇ ವಚನ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಗ್ರೀಕ್ ಕಲಿಯುವ ಕನ್ನಡಿಗರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ವಿಭಕ್ತಿ ಪ್ರತ್ಯಯ ಗಟ್ಟಿಯಾಗಿದ್ದರೆ ಪದ ಎಲ್ಲಿ ಕೂತರೂ ಅರ್ಥ ಕೆಡದು ಎಂಬುದು ನಮಗೆ ಹುಟ್ಟಿನಿಂದಲೇ ಗೊತ್ತು. ಮಾರ್ಕ 2:27ರಲ್ಲಿ ಸಬ್ಬತ್ತು, ಮನುಷ್ಯ; ಮನುಷ್ಯ, ಸಬ್ಬತ್ತು ಎಂದು ಮಾತು ಹೋಗಿ ಮರಳುತ್ತದೆ. ಕ್ರಿಯಾಪದ ಬರುವುದು ಒಂದೇ ಸಲ. ಸಬ್ಬತ್ತಿನ ಪದ ನಪುಂಸಕಲಿಂಗದ್ದು, ಹಾಗಾಗಿ ಎರಡು ಕಡೆಯೂ ಅದರ ರೂಪ ಒಂದೇ. ರೂಪ ಬದಲಿಸುವುದು ಮನುಷ್ಯನೊಬ್ಬನೇ: ‘ಆಂತ್ರೋಪೊನ್’ ಆಗಿದ್ದವನು ‘ಆಂತ್ರೋಪೊಸ್’ ಆಗುತ್ತಾನೆ. ಒಂದು ಅಕ್ಷರದ ಮೇಲೆ ಇಡೀ ವಾದ ತಿರುಗುವುದನ್ನು ಕಂಡು ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತದ್ದುಂಟು.

ನನ್ನ ಅಚ್ಚುಮೆಚ್ಚಿನ ಉದಾಹರಣೆ ಮಾತ್ರ ಫಿಲೆಮೋನನಿಗೆ ಪೌಲ ಬರೆದ ಪುಟ್ಟ ಪತ್ರದ ಐದನೆಯ ವಚನ. ಪ್ರೀತಿ, ನಂಬಿಕೆ, ಕರ್ತನಾದ ಯೇಸು, ದೇವಜನರೆಲ್ಲರು: ಇದು ಮೂಲದ ಅನುಕ್ರಮ. ನಂಬಿಕೆ ಇರುವುದು ಯೇಸುವಿನಲ್ಲಿ, ಪ್ರೀತಿ ಇರುವುದು ದೇವಜನರ ಮೇಲೆ. ಯೇಸುವಿಗೆ ‘ಪ್ರೊಸ್’, ಜನರಿಗೆ ‘ಎಯ್ಸ್’ ಎಂದು ಉಪಸರ್ಗವನ್ನೂ ಬೇರೆ ಮಾಡಿದ್ದಾನೆ. ಈ ಮಾತನ್ನು ಹೊಂದಿಸಿ ಬರೆದರೆ ಓದುಗರಿಗೆ ಸಲೀಸು ಎನ್ನುವ ಅನುವಾದಕರ ಜೊತೆ ನನ್ನ ಜಗಳ ಹಳೆಯದು. ಪೌಲ ಬೇಡುತ್ತಿರುವುದು ಓಡಿಹೋಗಿದ್ದ ದಾಸ ಒನೇಸಿಮನಿಗಾಗಿ. ಅವನನ್ನು ಮನೆಗೆ ಸೇರಿಸಿಕೊಳ್ಳಲು ಫಿಲೆಮೋನನಿಗೆ ಬೇಕಾದದ್ದು ಜನರ ಮೇಲಿನ ಪ್ರೀತಿ. ಅದನ್ನೇ ಪೌಲ ಮಾತಿನ ಎರಡು ತುದಿಗೂ ಇಟ್ಟಿದ್ದಾನೆ. ಸಾಲನ್ನು ನೇರ ಮಾಡಿದರೆ ಆ ಒತ್ತಡ ಸೋರಿಹೋಗುತ್ತದೆ.

ಈ ಅನುವಾದಕರಿಗಿಂತ ಹೆಚ್ಚು ಸಿಟ್ಟು ಬರಿಸುವವರು ಇಡೀ ಪುಸ್ತಕಕ್ಕೇ ಕಯಾಸ್ಮಸ್ಸಿನ ನಕ್ಷೆ ಬರೆಯುವವರು. ಧಾರವಾಡದಲ್ಲಿ ಪರಿಚಯದವರೊಬ್ಬರು ದೊಡ್ಡ ಹಾಳಿಯೊಂದನ್ನು ನನ್ನ ಮುಂದೆ ಹಾಸಿ, ‘ಸರ, ನೋಡ್ರಿಲ್ಲೆ, ಇಡೀ ಸುವಾರ್ತಿನ ಹಿಂಗ ಕೂತೈತ್ರಿ’ ಎಂದರು. ಮಾರ್ಕನ ಹದಿನಾರು ಅಧ್ಯಾಯ, ನಡುವೆ ಒಂದು ಶಿಖರ, ಎರಡು ಕಡೆ ಇಳಿಜಾರು. ಒಂದು ಕಡೆ ‘ಪ್ರಯಾಣ’, ಎದುರಿಗೆ ಇನ್ನೊಂದು ‘ಪ್ರಯಾಣ’. ಸುವಾರ್ತೆಯಲ್ಲಿ ಪ್ರಯಾಣವಿಲ್ಲದ ಪುಟ ಯಾವುದಿದೆ? ತಾವೇ ಹೆಸರಿಟ್ಟು, ಆ ಹೆಸರುಗಳು ಜೋಡಿಯಾದವೆಂದು ಬೆರಗಾಗುವುದು ಅಧ್ಯಯನವಲ್ಲ. ಹೊಂದದ ವಚನಗಳನ್ನು ‘ಸೇರ್ಪಡೆ’ ಎಂದು ಕಿತ್ತುಹಾಕುವುದಂತೂ ಅಕ್ಷಮ್ಯ. ನಮ್ಮ ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಬಿಟ್ಟುಹೋದ ಜಾಗವನ್ನು ಮರಳುವಾಗ ತುಂಬಬೇಕು. ಹೊಲಿಗೆ ತಪ್ಪಿದ್ದರೆ ಬಟ್ಟೆ ತಿರುವಿದಾಗ ಕಾಣುತ್ತದೆ. ಕಯಾಸ್ಮಸ್ಸಿಗೂ ಆ ಕಟ್ಟುನಿಟ್ಟು ಬೇಕು: ಮರಳಬೇಕಾದದ್ದು ಮೂಲದ ಪದ, ನಮ್ಮ ತಲೆಬರಹವಲ್ಲ.

ನೀಲ್ಸ್ ಲುಂಡ್ 1942ರಲ್ಲಿ ಹೊಸ ಒಡಂಬಡಿಕೆಯ ಕಯಾಸ್ಮಸ್ಸುಗಳ ಬಗ್ಗೆಯೇ ಒಂದು ಗ್ರಂಥ ಬರೆದ ಮೇಲೆ ಈ ಹುಡುಕಾಟಕ್ಕೆ ರಭಸ ಬಂತು. ಕ್ರೇಗ್ ಬ್ಲಾಮ್‌ಬರ್ಗ್ 1989ರಲ್ಲಿ ಉದ್ದನೆಯ ರಚನೆಗಳಿಗೆ ಕಟ್ಟುನಿಟ್ಟಿನ ಒರೆಗಲ್ಲುಗಳನ್ನು ಪಟ್ಟಿಮಾಡಿದರು. ನಾನು ದೊಡ್ಡದೆಲ್ಲವನ್ನೂ ತಳ್ಳಿಹಾಕುವವನಲ್ಲ. ಮಾರ್ಕನ 2:1ರಿಂದ 3:6ರವರೆಗಿನ ಐದು ವಾಗ್ವಾದಗಳ ಬಗ್ಗೆ ಜೊಆನಾ ಡ್ಯೂಯಿ 1973ರಲ್ಲಿ ಬರೆದದ್ದನ್ನು ಒಪ್ಪುತ್ತೇನೆ: ಎರಡು ತುದಿಗೆ ವಾಸಿಮಾಡಿದ ಕಥೆ, ಅವುಗಳ ಒಳಗೆ ಊಟದ ಕಥೆ, ನಟ್ಟನಡುವೆ ಉಪವಾಸ. ಪಾರ್ಶ್ವವಾಯು ರೋಗಿಗೆ ಹೇಳಿದ ‘ಎಗೆಯ್ರೆ’, ಏಳು, ಎಂಬ ಪದವೇ ಕೈಬತ್ತಿದವನಿಗೂ ಕೇಳಿಸುತ್ತದೆ. ಅಲ್ಲಿ ಪದ ಮರಳಿದೆ.

ಧಾರವಾಡದಲ್ಲಿ ಕೂತು ಇದನ್ನು ಓದುವಾಗ ಬೆಂಗೆಲ್ ನೆನಪಾಗದೆ ಇರುವುದಿಲ್ಲ. ವ್ಯೂರ್ಟೆಂಬರ್ಗಿನ ಯೋಹಾನ್ ಆಲ್‌ಬ್ರೆಕ್ಟ್ ಬೆಂಗೆಲ್ 1742ರ ತನ್ನ ‘ಗ್ನೋಮೊನ್’ ಟೀಕೆಯಲ್ಲಿ ವಚನ ವಚನಕ್ಕೂ ಈ ಅಡ್ಡಹೆಣಿಗೆಯನ್ನು ಗುರುತಿಸುತ್ತ ಹೋದ. ನಮ್ಮ ಕಡೆಗೆ ಪಾದ್ರಿಗಳನ್ನು ಕಳಿಸಿದ ಬಾಸೆಲ್ ಮಿಶನ್ನಿಗೆ ಜನ ಬಹುಪಾಲು ಬಂದದ್ದು ಅದೇ ಸೀಮೆಯ ಭಕ್ತಕುಟುಂಬಗಳಿಂದ. 1836ರಲ್ಲಿ ಮಂಗಳೂರಿಗೆ ಬಂದ ಮೋಗ್ಲಿಂಗ್ ಅಲ್ಲಿಯವನೇ, ಟ್ಯೂಬಿಂಗನ್ನಿನಲ್ಲಿ ಓದಿದವನು. ಮರುವರ್ಷ ಮಿಶನ್ ಧಾರವಾಡಕ್ಕೆ ಬಂತು, 1839ರಲ್ಲಿ ಹುಬ್ಬಳ್ಳಿಗೆ. 1853ರಲ್ಲಿ ಬಂದ ಕಿಟೆಲ್ ಮುಂದೆ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದ. ಗ್ರೀಕಿನ ಪದಕ್ರಮ ನೋಡಿ ಪಳಗಿದ ಪರಂಪರೆಯವರು ಕನ್ನಡದ ಗಣ ಎಣಿಸಲು ಕೂತರು ಎಂಬುದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ.

ಪದಕ್ರಮ ಹಿಡಿಯುವ ಈ ಕಿವಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ರೋಮಾಪುರದವರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯವೇ ಸಾಕ್ಷಿ. ಒಂಬತ್ತನೆಯ ವಚನದಲ್ಲಿ ಬಾಯಿಯ ಅರಿಕೆ ಮೊದಲು, ಹೃದಯದ ನಂಬಿಕೆ ಆಮೇಲೆ. ಪೌಲ ಉಲ್ಲೇಖಿಸಿದ ಧರ್ಮೋಪದೇಶಕಾಂಡದ ಮಾತಿನಲ್ಲಿ ಬಾಯಿ ಮೊದಲಿರುವುದರಿಂದ ಅವನು ಅದೇ ಕ್ರಮ ಹಿಡಿದ. ಹತ್ತನೆಯದರಲ್ಲಿ ಹೃದಯ ಮೊದಲು, ಬಾಯಿ ಆಮೇಲೆ. ಎರಡೂ ಸೇರಿ ಒಂದೇ ಮಾತು. ಆದರೂ ಪ್ರಸಂಗ ಮಾಡುವವರು ಒಂಬತ್ತನೆಯದೊಂದನ್ನೇ ಕತ್ತರಿಸಿಕೊಂಡು, ಬಾಯಿಬಿಟ್ಟು ಹೇಳದವನಿಗೆ ನಂಬಿಕೆಯೇ ಹುಟ್ಟದೆಂದು ಗದರಿಸುವುದನ್ನು ಕೇಳಿದ್ದೇನೆ. ಮುಂದಿನ ವಚನ ಅದೇ ಪುಟದಲ್ಲಿದೆ. ಅದನ್ನು ಓದಿ ಮುಗಿಸಲು ಅರ್ಧ ನಿಮಿಷವೂ ಬೇಡ.