ಗರಗದ ಎಣ್ಣೆ, ಅಕ್ಕನ ಜಡೆ

ಅಕ್ಕನ ಜಡೆ ಅಂದ್ರೆ ನಮ್ಮ ಮನೆಯ ಆಸ್ತಿ ಇದ್ದ ಹಾಗೆ. ಮದುವೆ ದಿನ ಜಡೆಗೆ ಚೌರಿ ಬೇಕಾಗಿರಲಿಲ್ಲ ಅಂತ ಅವ್ವ ಇವತ್ತಿಗೂ ಹೇಳಿಕೊಂಡು ತಿರುಗುತ್ತಾಳೆ. ಅಂಥಾ ಕೂದಲು ಎರಡು ವರ್ಷದ ಹಿಂದೆ ಉದುರೋಕೆ ಶುರುವಾಯ್ತು. ಬಚ್ಚಲಲ್ಲಿ, ದಿಂಬಿನ ಮೇಲೆ, ಕೊನೆಗೆ ಭಾವನ ತಟ್ಟೆಯಲ್ಲೂ... ಅಕ್ಕ ಮದುವೆ ಮುಂಜಿಗೆ ಹೋಗೋದನ್ನೇ ಬಿಟ್ಟಳು.

ತೋರಣಗಲ್ಲಿನಲ್ಲಿ ಕೂದಲು ಉದುರಿದರೆ ಎಲ್ಲರೂ ಮೊದಲು ಬೈಯೋದು ಬೋರ್ ನೀರನ್ನ, ಆಮೇಲೆ ಧೂಳನ್ನ. ೨೦೧೧ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ಮೊದಲು, ಸಂಡೂರು ಕಡೆಯಿಂದ ಅದಿರು ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲದಲ್ಲಿ, ತಲೆ ತೊಳೆದರೆ ಕೆಂಪು ನೀರೇ ಹರೀತಿತ್ತು. ಆಗ ಅಕ್ಕನ ಜಡೆಗೆ ಏನೂ ಆಗಿರಲಿಲ್ಲ. ಅದು ಯಾಕೋ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಭಾವ ಹೊಸಪೇಟೆಯಿಂದ 'ಆದಿವಾಸಿ ಎಣ್ಣೆ' ಬಾಟಲಿ ತಂದರು. ಸಾವಿರದ ಮೇಲೆ ಕೊಟ್ಟಿದ್ದರಂತೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ನಿಮಗೂ ಗೊತ್ತಿರುತ್ತೆ. ಹಿಂದೆ ಹಕ್ಕಿ ಹಿಡಿದು ಬದುಕುತ್ತಿದ್ದವರು, ಬೇಟೆಗೆ ಕಾನೂನು ಅಡ್ಡ ಬಂದಮೇಲೆ ಗಿಡಮೂಲಿಕೆ ಹಿಡಿದು ಆಫ್ರಿಕಾ ತನಕ ಹೋದವರು. ೨೦೨೩ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧದ ನಡುವೆ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಇವರೂ ಇದ್ದರು. ಆದ್ರೆ ಭಾವ ತಂದ ಬಾಟಲಿ ಪಕ್ಷಿರಾಜಪುರ ಕಂಡಿತ್ತೋ ಇಲ್ಲವೋ ದೇವರೇ ಬಲ್ಲ :)

ಅಜ್ಜಿಗೆ ಸಿಟ್ಟು ಬಂತು. "ದುಡ್ಡು ಕೊಟ್ಟು ಎಣ್ಣಿ ತರ್ತಾರೇನು? ನಾನಿನ್ನೂ ಬದುಕೀನಿ" ಅಂತ ಕಂಪ್ಲಿಯಿಂದ ಬಂದೇಬಿಟ್ಟಳು, ಚೀಲದ ತುಂಬಾ ಗರಗದ ಸೊಪ್ಪು ಹೊತ್ತುಕೊಂಡು. ಅಲ್ಲಿನ ಗದ್ದೆ ಬದುಗಳಲ್ಲಿ, ಕಾಲುವೆ ಪಕ್ಕದಲ್ಲಿ ತಾನಾಗೇ ಬೆಳೆಯುತ್ತೆ. ಪುಟ್ಟ ಬಿಳಿ ಹೂವು. ಜಜ್ಜಿದರೆ ಹಸಿರು ರಸ ನೋಡನೋಡುತ್ತಲೇ ಕಪ್ಪಾಗುತ್ತೆ, ಅಂಗೈಗೆ ಹತ್ತಿದ್ದು ಬೇಗ ಹೋಗಲ್ಲ. ಆ ಕಪ್ಪು ನೋಡಿಯೇ ಇರಬೇಕು, ಹಿರಿಯರಿಗೆ ಕೂದಲಿನ ನೆನಪಾಗಿದ್ದು.

ಗರಗದ ರಸ, ಕರಿಬೇವು, ದಾಸವಾಳ, ನೆಲ್ಲಿಕಾಯಿ, ಒಂದು ಹಿಡಿ ಮೆಂತ್ಯ. ಎಲ್ಲಾ ಕೊಬ್ಬರಿ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ. "ಸ್ಟೀಲಿನ ಪಾತ್ರಿ ಬ್ಯಾಡ, ಕಬ್ಬಿಣದ ಬಾಂಡ್ಲಿನೇ ಬೇಕು" ಅಂತ ಅದನ್ನೂ ಊರಿಂದಲೇ ತಂದಿದ್ದಳು. ಚಟಪಟ ಸದ್ದು ನಿಂತರೆ ನೀರಿನಂಶ ಹೋಯ್ತು ಅಂತ ಅರ್ಥ. ಆಮೇಲೆ ಬಟ್ಟೆಯಲ್ಲಿ ಸೋಸೋದು. ಮನೆಯೆಲ್ಲಾ ಆ ವಾಸನೆ. ವಾರಕ್ಕೆರಡು ಸಲ ಅಕ್ಕನನ್ನ ಮುಂದೆ ಕುಂದ್ರಿಸಿಕೊಂಡು ತಿಕ್ಕಿ, ಸೀಗೆಪುಡಿ ಹಾಕಿ ಎರೀತಿದ್ದಳು.

ಆರು ತಿಂಗಳು ಹೀಗೇ ಹೋಯ್ತು. ಕೂದಲು ಉದುರ್ತಾನೇ ಇತ್ತು.

ಊರಿಂದ ಬಂದ ನೆಂಟರನ್ನ ಹಂಪಿಗೆ ಕರಕೊಂಡು ಹೋಗಿದ್ವಿ. ಮಾತಂಗ ಬೆಟ್ಟ ಹತ್ತುವಾಗ ಅಕ್ಕ ಅರ್ಧಕ್ಕೇ ಕೂತುಬಿಟ್ಟಳು. ಏದುಸಿರು, ತುಟಿ ಬೆಳ್ಳಗೆ. ಮರುದಿನ ತೋರಿಸಿದರೆ ಡಾಕ್ಟರಮ್ಮ ಅಕ್ಕನ ತಲೆ ನೋಡಲೇ ಇಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ ೧೨ ಇರಬೇಕಾದಲ್ಲಿ ೮. ತಿಂಗಳ ಮುಟ್ಟು ವರ್ಷದಿಂದ ವಿಪರೀತ ಆಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಕಬ್ಬಿಣದಂಶ ಅಷ್ಟು ಇಳಿದರೆ ಕೂದಲೂ ಉದುರಬಹುದಂತೆ. ಕಿಟಕಿ ಸರಳಿನ ಮೇಲೆ, ಒಣಹಾಕಿದ ಬಟ್ಟೆ ಮೇಲೆ ಕಬ್ಬಿಣದ ಧೂಳು ಕೂರುವ ಊರಲ್ಲಿ ನಮ್ಮಕ್ಕನ ರಕ್ತದಲ್ಲಿ ಕಬ್ಬಿಣ ಇರಲಿಲ್ಲ!

ಎಣ್ಣೆ ಮೇಲೆ ನನಗೇನೂ ಕೋಪವಿಲ್ಲ. ಗರಗದ ರಸವನ್ನ ಇಲಿಗಳಿಗೆ ಹಚ್ಚಿ ನೋಡಿದ ಪ್ರಯೋಗಗಳಿವೆ, ರೋಮ ಬೆಳೆದಿದೆ ಅಂತಾರೆ. ಮನುಷ್ಯರ ಮಾತು ಬೇರೆ. ಕೋಪ ಇರೋದು ನಮ್ಮ ಮೇಲೆ. ಆರು ತಿಂಗಳು ಎಲ್ಲರೂ ಅವಳ ತಲೆ ನೋಡಿದೆವು, 'ಯಾಕಕ್ಕಾ ಇಷ್ಟು ಸುಸ್ತಾಗ್ತೀಯ' ಅಂತ ನಾನೂ ಕೇಳಲಿಲ್ಲ.

ಮುಟ್ಟಿಗೆ ಔಷಧಿ ಆಯ್ತು, ಕಬ್ಬಿಣದ ಮಾತ್ರೆ ನಿಂಬೆ ಪಾನಕದ ಜೊತೆ, ಊಟದ ಹಿಂದೆಯೇ ಚಹಾ ಬಂದ್. ನಾಲ್ಕೈದು ತಿಂಗಳಿಗೆ ಹಣೆಯಂಚಲ್ಲಿ ಎಳೆಕೂದಲು ಕಾಣಿಸಿತು. "ನೋಡಿದ್ಯಾ ನನ್ನ ಎಣ್ಣಿ?" ಅಂದಳು ಅಜ್ಜಿ. ಅಕ್ಕ ಹೂಂ ಅಂದಳು. ನಾನೂ ಸುಮ್ಮನಿದ್ದೆ.

ಕಬ್ಬಿಣದ ಪಾತ್ರೆಯಲ್ಲಿ ಹುಳಿ ಅಡುಗೆ ಮಾಡಿದರೆ ಸ್ವಲ್ಪ ಕಬ್ಬಿಣ ಊಟಕ್ಕೂ ಇಳಿಯುತ್ತೆ ಅಂತ ಡಾಕ್ಟರಮ್ಮ ಹೇಳಿದ್ದರು. ಅಕ್ಕ ಈಗ ಎಣ್ಣೆ ಬಾಂಡ್ಲಿಯನ್ನ ತಿಕ್ಕಿ ತೊಳೆದು ಪುಂಡಿಪಲ್ಯಕ್ಕೆ ಇಟ್ಟುಕೊಂಡಿದ್ದಾಳೆ. ಪಲ್ಯ ಕರ್ರಗಾಗುತ್ತೆ, ರೊಟ್ಟಿ ಜೊತೆ ಮಾತ್ರ ಸೂಪರ್. ಅಜ್ಜಿಯದು ಒಂದೇ ತಕರಾರು, ಎಣ್ಣೆ ಕಾಯಿಸೋಕೆ ಇನ್ನೊಂದು ಬಾಂಡ್ಲಿ ಬೇಕಂತೆ. ಭಾನುವಾರ ಕಂಪ್ಲಿ ಪೇಟೆಗೆ ಹೋಗಿ ತರಬೇಕು.